‘ಯಾಯ’ ಅಂದ್ರೆ ಏನು, ಮಿಸ್?
ಮಕ್ಕಳಿಗೆ ಉಪಸರ್ಗ ಸೇರಿಸಿ ಪದ ಕಟ್ಟುವುದನ್ನು ಕಲಿಸುವ ಬಗೆ

ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ನೋಟ್‌ಬುಕ್ ಹಿಡಿದು ನನ್ನ ಮೇಜಿನ ಬಳಿ ಬಂದಳು. ‘ಅನ್ಯಾಯ’ ಎಂಬ ಪದವನ್ನು ‘ಅನ್ + ಯಾಯ’ ಎಂದು ಬಿಡಿಸಿದ್ದಳು. ‘ಯಾಯ ಅಂದ್ರೆ ಏನು, ಮಿಸ್?’ ಎಂದು ಕೇಳಿದಳು. ಅವಳು ಕೇಳಿದ್ದು ಸರಿಯಾಗಿಯೇ ಇತ್ತು. ‘ಅ, ಅನ್ ಎಂದರೆ ಇಲ್ಲ’ ಎಂಬ ಒಂದೇ ಸಾಲಿನ ಪಾಠ ಹೇಳಿಕೊಟ್ಟರೆ ಮಗು ಇನ್ನೇನು ಮಾಡೀತು?

ಪದದ ಮೊದಲಿಗೆ ಸೇರಿ ಅರ್ಥವನ್ನು ತಿರುಗಿಸುವ ತುಣುಕುಗಳೇ ಉಪಸರ್ಗಗಳು. ಅವು ಒಟ್ಟು 22 ಎಂದು ಸಂಸ್ಕೃತ ವ್ಯಾಕರಣ ಲೆಕ್ಕ ಹೇಳುತ್ತದೆ. ‘ಪ್ರ, ಪರಾ, ಅಪ, ಸಮ್...’ ಎಂದು ಅವನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸುವವರಿದ್ದಾರೆ. ದಯವಿಟ್ಟು ಬೇಡ. ಮಕ್ಕಳಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾಗುವ, ‘ಇಲ್ಲ’ ಎಂಬ ಅರ್ಥದ ‘ಅ’ ಆ ಪಟ್ಟಿಯಲ್ಲೇ ಇಲ್ಲ. ಅದನ್ನು ಸಂಸ್ಕೃತದವರು ಬೇರೆಯಾಗಿ ‘ನಞ್’ ಎಂದು ಕರೆಯುತ್ತಾರೆ. ಪ್ರಾಥಮಿಕ ತರಗತಿಗೆ ಅ/ಅನ್, ಸು, ದುರ್, ನಿರ್, ಪ್ರತಿ, ಉಪ, ವಿ ಇಷ್ಟು ಧಾರಾಳವಾಯಿತು. ವಾರಕ್ಕೆ ಒಂದರಂತೆ ಕಲಿಸಿ, ಎರಡು ಬೇಡ.

ಮೊದಲ ವಾರ ಇವು ಯಾವುದನ್ನೂ ಮುಟ್ಟಬೇಡಿ. ಮಕ್ಕಳ ಬಾಯಲ್ಲಿ ಆಗಲೇ ಇರುವ ಪದಗಳಿಂದ ಶುರುಮಾಡಿ: ಮುಂಗೈ, ಮುಂಗಾರು, ಹಿಂಗಾರು, ಹಿಂಬಾಗಿಲು, ಮರುದಿನ, ಹೆಬ್ಬೆರಳು, ಹೆದ್ದಾರಿ. ಮೊಣಕೈಯಿಂದ ಮಣಿಕಟ್ಟಿನವರೆಗೆ ಕೈ ಸವರಿಕೊಂಡು ‘ಇದು ಮುಂಗೈ’ ಎಂದರೆ ಸಾಕು, ಪದದ ಮೊದಲಿಗೆ ಒಂದು ತುಣುಕು ಸೇರಿದರೆ ಅರ್ಥ ಹೇಗೆ ತಿರುಗುತ್ತದೆ ಎಂಬುದು ಮಗುವಿಗೆ ತಿಳಿಯುತ್ತದೆ. ‘ಕೈ’ ಹೋಗಿ ‘ಗೈ’ ಆಗುವುದನ್ನೂ ಅಲ್ಲೇ ತೋರಿಸಿ. ಸೇರುವಾಗ ಅಕ್ಷರ ಬದಲಾಗಬಹುದು ಎಂಬ ಅರಿವು ಮುಂದೆ ಬಹಳ ಕೆಲಸಕ್ಕೆ ಬರುತ್ತದೆ. ವ್ಯಾಕರಣದ ಲೆಕ್ಕದಲ್ಲಿ ಇವು ಸಮಾಸಗಳು, ನಿಜ. ಆ ಹೆಸರು ಹೈಸ್ಕೂಲಿನವರೆಗೆ ಕಾಯಲಿ.

ಕಾರ್ಡುಗಳನ್ನು ನೀವೇ ಮಾಡಿ. ಹಳೆಯ ಮದುವೆ ಕಾಗದದ ಬೆನ್ನು, ದಪ್ಪ ಕರಿ ಸ್ಕೆಚ್‌ಪೆನ್ ಇದ್ದರೆ ಆಯಿತು. ಉಪಸರ್ಗಕ್ಕೆ ಒಂದು ಬಣ್ಣದ ಅಂಚು, ಪದಕ್ಕೆ ಇನ್ನೊಂದು. ಸರ್ಕಾರಿ ಶಾಲೆಯ ನಲಿ–ಕಲಿ ತರಗತಿಗಳಲ್ಲಿ ಕಾರ್ಡು ಹಿಡಿದೇ ಬೆಳೆದ ಮಕ್ಕಳಿಗೆ ಇದು ಹೊಸದಲ್ಲ. ಅಂಗಡಿಯ ಹೊಳೆಯುವ ಚಾರ್ಟು ಮಾತ್ರ ತರಬೇಡಿ. ಕಿಟಕಿಯ ಬೆಳಕು ಬಿದ್ದರೆ ಹಿಂದಿನ ಬೆಂಚಿಗೆ ಏನೂ ಕಾಣುವುದಿಲ್ಲ, ತಪ್ಪುಗಳೂ ಬೇಕಾದಷ್ಟಿರುತ್ತವೆ. ನಾನು ಕಂಡ ಒಂದರಲ್ಲಿ ಇಡ್ಲಿ ತಟ್ಟೆಯ ಚಿತ್ರದ ಕೆಳಗೆ ‘ಉಪಹಾರ’ ಎಂದಿತ್ತು. ತಿಂಡಿ ಎಂದರೆ ಉಪಾಹಾರ, ಉಪ + ಆಹಾರ. ದೀರ್ಘ ಬಿಟ್ಟು ‘ಉಪಹಾರ’ ಎಂದರೆ ಕಾಣಿಕೆ.

ಇನ್ನು ಎಲ್ಲರೂ ಎಡವುವ ಜಾಗ. ಎರಡು ಕಾರ್ಡುಗಳನ್ನು ಪಕ್ಕಪಕ್ಕ ಇಟ್ಟುಬಿಟ್ಟರೆ ಕನ್ನಡದಲ್ಲಿ ಪದ ಆಗುವುದಿಲ್ಲ. ಇಂಗ್ಲಿಷ್ ಪಾಠದ ಕಾರ್ಡಾಟವನ್ನು ಹಾಗೇ ಎತ್ತಿ ತಂದವರು ಇಲ್ಲಿ ಸಿಕ್ಕಿಬೀಳುತ್ತಾರೆ. ‘ಅನ್’ ಪಕ್ಕ ‘ಆರೋಗ್ಯ’ ಇಟ್ಟ ಮಗು ನೋಟ್‌ಬುಕ್ಕಿನಲ್ಲಿ ‘ಅನ್‌ಆರೋಗ್ಯ’ ಎಂದೇ ಬರೆಯುತ್ತದೆ. ‘ಆ’ ಎಂಬ ಅಕ್ಷರ ಕರಗಿ ‘ನಾ’ ಆಗಬೇಕು ಎಂದು ಅದಕ್ಕೆ ಯಾರೂ ಹೇಳಿರುವುದಿಲ್ಲ.

ಆದ್ದರಿಂದ ಮೊದಲು ಬಾಯಿ, ಆಮೇಲೆ ಸ್ಲೇಟು, ಕೊನೆಗೆ ನೋಟ್‌ಬುಕ್. ‘ಅನ್... ಆರೋಗ್ಯ’ ಎಂದು ನಿಧಾನವಾಗಿ ಹೇಳಿಸಿ. ನಡುವಿನ ಬಿಡುವನ್ನು ಪ್ರತಿ ಸಲವೂ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತ ಬನ್ನಿ. ನಾಲ್ಕನೆಯ ಸಲಕ್ಕೆ ನಾಲಿಗೆಯೇ ‘ಅನಾರೋಗ್ಯ’ ಎನ್ನುತ್ತದೆ. ಆಗ ಸ್ಲೇಟಿನ ಮೇಲೆ ಅರ್ಧಾಕ್ಷರ ‘ನ್’ ಬರೆದು, ಅದರ ಪಕ್ಕ ‘ಆ’ ಬರೆದು, ಎರಡನ್ನೂ ಒರೆಸಿ, ಅದೇ ಜಾಗದಲ್ಲಿ ‘ನಾ’ ಬರೆಯಿಸಿ. ಒರೆಸುವ ಕೆಲಸವನ್ನು ಮಗುವಿನ ಕೈಯಿಂದಲೇ ಮಾಡಿಸಿ. ಅಕ್ಷರ ಎಲ್ಲಿಗೆ ಹೋಯಿತು ಎಂಬುದು ಬೆರಳಿಗೆ ನೆನಪಿರುತ್ತದೆ.

‘ನಿರ್’ ಇದಕ್ಕಿಂತ ತೊಡಕಿನದು. ನಿರ್ + ಭಯ ಎನ್ನುವಾಗ ಬಾಯಲ್ಲಿ ‘ರ್’ ಮೊದಲು ಬರುತ್ತದೆ. ಬರೆಯುವಾಗ ಅದು ‘ಭ’ವನ್ನು ದಾಟಿ ಹೋಗಿ ಅರ್ಕಾವೊತ್ತಾಗಿ ಕೂರುತ್ತದೆ. ಕಣ್ಣಿಗೆ ಕಂಡಂತೆ ಓದುವ ಮಗು ‘ನಿಭ್ರಯ’ ಎನ್ನುತ್ತದೆ. ನಿರ್ಭಯ, ನಿರ್ಜನ, ದುರ್ಗಂಧ, ದುರ್ಬಲ ಈ ನಾಲ್ಕನ್ನು ಹತ್ತು ದಿನ ಬರೆಯಿಸಿದರೂ ಹೆಚ್ಚಲ್ಲ. ಮುಂದೆ ಸ್ವರ ಬಂದರೆ ಅರ್ಕಾವೊತ್ತಿನ ಗೋಜಿಲ್ಲ: ದುರ್ + ಆಸೆ ದುರಾಸೆ, ನಿರ್ + ಅಪರಾಧಿ ನಿರಪರಾಧಿ. ನಿಶ್ಚಿಂತೆ, ದುಶ್ಚಟ ಬಂದಾಗ ‘ನಿರ್, ನಿಶ್ ಅಣ್ಣತಮ್ಮಂದಿರು, ಮುಂದೆ ಬರುವ ಅಕ್ಷರ ನೋಡಿ ಒಬ್ಬರು ಬರುತ್ತಾರೆ’ ಎಂದು ಹೇಳಿ ಮುಂದೆ ಹೋಗಿ. ಕಾರಣ ವಿವರಿಸಲು ಕೂರಬೇಡಿ.

ಪದ ಕಟ್ಟಲು ಬಂದ ಮೇಲೆ ಬಿಡಿಸುವುದು. ಅನ್ಯಾಯದ ಹುಡುಗಿಗೆ ನಾನು ಕಲಿಸಿದ್ದು ಇಷ್ಟೇ: ಪದದ ಮೊದಲ ತುಣುಕನ್ನು ಅಂಗೈಯಿಂದ ಮುಚ್ಚು, ಉಳಿದದ್ದು ನಿನಗೆ ಗೊತ್ತಿರುವ ಪದವೇ ನೋಡು. ‘ಯಾಯ’ ಪದವಲ್ಲ. ಅಂಗೈ ಸ್ವಲ್ಪ ಸರಿಸಿದಳು, ‘ನ್ಯಾಯ’ ಕಂಡಿತು. ಹಾಗಾದರೆ ಅದು ಅ + ನ್ಯಾಯ. ನಿಯಮ ಆಮೇಲೆ ಹೇಳಿದೆ: ಮುಂದೆ ವ್ಯಂಜನ ಇದ್ದರೆ ‘ಅ’, ಸ್ವರ ಇದ್ದರೆ ‘ಅನ್’.

ಈ ಅಂಗೈ ಪರೀಕ್ಷೆಗೆ ಒಡ್ಡಲೇಬೇಕಾದ ಪದ ‘ಅನುಚಿತ’. ಮಕ್ಕಳು ಅದನ್ನು ‘ಅನುಭವ’, ‘ಅನುವಾದ’ಗಳ ಸಾಲಿಗೆ ಸೇರಿಸಿ ಅನು + ಚಿತ ಎನ್ನುತ್ತಾರೆ. ಅದು ಅನ್ + ಉಚಿತ. ಇಲ್ಲಿ ಇನ್ನೊಂದು ತೊಡಕಿದೆ. ಅಮ್ಮನ ಜೊತೆ ಬಸ್ಸಿನಲ್ಲಿ ಟಿಕೆಟ್ ನೋಡಿರುವ ಮಕ್ಕಳಿಗೆ ‘ಉಚಿತ’ ಎಂದರೆ ದುಡ್ಡಿಲ್ಲದ್ದು. ‘ಅನುಚಿತ ಅಂದ್ರೆ ದುಡ್ಡು ಕೊಡಬೇಕಾದದ್ದು’ ಎಂದು ಒಬ್ಬ ಹುಡುಗ ಬರೆದಿದ್ದ. ಅವನ ಯೋಚನೆಯ ದಾರಿ ಪೂರ್ತಿ ಸರಿ. ಉಚಿತ ಎಂದರೆ ‘ತಕ್ಕದ್ದು’ ಎಂಬ ಹಳೆಯ ಅರ್ಥವೂ ಇದೆ ಎಂದು ಹೇಳುವುದು ನಮ್ಮ ಕೆಲಸ. ‘ಅಮೂಲ್ಯ’ವೂ ಹೀಗೆಯೇ. ಮೂಲ್ಯ ಎಂದರೆ ಬೆಲೆ, ಅಮೂಲ್ಯ ಎಂದರೆ ಬೆಲೆ ಕಟ್ಟಲಾಗದ್ದು, ಬೆಲೆಯಿಲ್ಲದ್ದು ಅಲ್ಲ.

ಇದಕ್ಕೇ ಉಪಸರ್ಗವನ್ನು ವಿರುದ್ಧಪದದ ಪಾಠದ ಬಾಲವಾಗಿ ಕಲಿಸಬಾರದು ಎಂದು ನಾನು ಹಟ ಹಿಡಿಯುವುದು. ‘ಹಾರ’ ಒಂದನ್ನೇ ಬೋರ್ಡಿನ ನಡುವೆ ಬರೆದು ಆಹಾರ, ವಿಹಾರ, ಪ್ರಹಾರ, ಪರಿಹಾರ, ಸಂಹಾರ ಎಂದು ಸುತ್ತ ಹೆಣೆದು ತೋರಿಸಿ. ಒಂದು ಊಟ, ಒಂದು ಅಡ್ಡಾಟ, ಒಂದು ಏಟು. ‘ಉಪ’ವನ್ನು ಸಮಾಜದ ಪಾಠದಲ್ಲಿ ಕಲಿಸುವುದೇ ಸುಲಭ: ಹೇಮಾವತಿ, ಕಬಿನಿ ಕಾವೇರಿಯ ಉಪನದಿಗಳು, ಚಂದ್ರ ಭೂಮಿಯ ಉಪಗ್ರಹ. ‘ಸು’, ‘ಪ್ರತಿ’, ‘ವಿ’ ತಾವಾಗಿಯೇ ಬರುತ್ತವೆ.

ಕೈ ಪಳಗುತ್ತಿದ್ದಂತೆ ಮಕ್ಕಳು ಅಬಿಸಿ, ಅಬೆಳಕು, ಸುಮಾತು ಎಂದೆಲ್ಲ ಕಟ್ಟಿ ತರುತ್ತಾರೆ. ಕೆಂಪು ಗೀಟು ಎಳೆಯಬೇಡಿ. ‘ಮನೆಯಲ್ಲಿ ಅಜ್ಜಿ ಹೀಗೆ ಹೇಳುತ್ತಾರಾ?’ ಎಂದು ಕೇಳಿ. ‘ಇಲ್ಲ, ಬಿಸಿ ಇಲ್ಲ ಅಂತಾರೆ, ಒಳ್ಳೇ ಮಾತು ಅಂತಾರೆ’ ಎಂಬ ಉತ್ತರ ಅವರಿಂದಲೇ ಬರುತ್ತದೆ. ಬಿಸಿ, ಬೆಳಕು, ಮಾತು ಅಚ್ಚಗನ್ನಡದ ಪದಗಳು. ಸಂಸ್ಕೃತದ ಉಪಸರ್ಗ ಅವಕ್ಕೆ ಸಾಮಾನ್ಯವಾಗಿ ಅಂಟುವುದಿಲ್ಲ. ‘ದುರ್ಬಳಕೆ’, ‘ದುರ್ನಡತೆ’ ಬಳಕೆಯಲ್ಲಿ ಗೆದ್ದು ಉಳಿದಿವೆ. ಚುರುಕು ಮಗುವೊಂದು ಅದನ್ನು ಎತ್ತಿ ಕೇಳಿದರೆ ಹಾಗೆಂದೇ ಹೇಳಿ.

ಕೊನೆಯ ದಿನ ಪ್ರತಿ ಮಗುವಿಗೂ ಹಳೆಯ ಪತ್ರಿಕೆಯ ಅರ್ಧ ಹಾಳೆ ಕೊಟ್ಟು ಉಪಸರ್ಗದ ಪದಗಳಿಗೆ ಸುತ್ತು ಹಾಕಿಸಿ. ಅಕ್ಕಿ, ಸುಣ್ಣ, ಉಪ್ಪು, ವಿಷಗಳಿಗೂ ಸುತ್ತು ಬಿದ್ದಿರುತ್ತದೆ. ಮತ್ತೆ ಅಂಗೈ ಮುಚ್ಚಿ ನೋಡಲು ಹೇಳಿ. ‘ಕ್ಕಿ’ ಉಳಿದಾಗ ಅವರೇ ಸುತ್ತನ್ನು ಅಳಿಸುತ್ತಾರೆ. ಅದಕ್ಕೇ ಪೆನ್ನು ಕೊಡಬೇಡಿ, ಪೆನ್ಸಿಲ್ ಕೊಡಿ.