ಹದಿನೆಂಟು ತುಂಬುವವರೆಗೂ ಯುರೋಪು ಬೇಡ ಅಂದೆ: ನನ್ನ ಅನುಭವ

ಕಳೆದ ಡಿಸೆಂಬರ್‌ನಲ್ಲಿ ಮಗನ ಫುಟ್‌ಬಾಲ್ ಕಾಂಟ್ರ್ಯಾಕ್ಟ್ ಇನ್ನೆರಡು ವರ್ಷಕ್ಕೆ ಮುಂದುವರಿಯಿತು. ಸ್ವೀಡನ್ನಿನ ಎರಡನೇ ದರ್ಜೆ ಲೀಗ್, ಸೂಪರೆಟ್ಟನ್. ದೊಡ್ಡ ಹೆಸರಲ್ಲ, ಗೊತ್ತು. ಆದರೆ 2025ರಲ್ಲಿ 30 ಪಂದ್ಯಗಳಲ್ಲಿ 24 ಆಡಿದ. ಹೆಚ್ಚುಕಡಿಮೆ 1,700 ನಿಮಿಷ. ಅವನ ಜೊತೆ ಇಲ್ಲಿ ಅಮೆರಿಕದ ಡಾಲಸ್‌ನಲ್ಲಿ ಆಡಿ, 15-16ಕ್ಕೇ ಯುರೋಪಿಗೆ ಹಾರಿದ ನಾಲ್ವರಲ್ಲಿ ಇವತ್ತು ಆಡಿ ಸಂಬಳ ತಗೊಳ್ಳುತ್ತಿರುವವರು ಒಬ್ಬರೂ ಇಲ್ಲ. ಇದನ್ನೆಲ್ಲ ಹೇಳಿಕೊಳ್ಳಬಾರದು. ಆದರೂ ಐದು ವರ್ಷ ಸೈಡ್‌ಲೈನ್‌ನಲ್ಲಿ ಉಳಿದ ಅಪ್ಪಂದಿರ ಕೈಲಿ ನಗಿಸಿಕೊಂಡವನಿಗೆ ಇಷ್ಟು ಹಕ್ಕಿದೆ ಅಲ್ವಾ?

ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ವರ್ಗಾವಣೆ ನಿಯಮಗಳಲ್ಲಿ 19ನೇ ವಿಧಿ ಅಂತ ಒಂದಿದೆ. ಕೆಲವು ವಿನಾಯಿತಿ ಬಿಟ್ಟರೆ, 18 ತುಂಬದೆ ದೇಶ ಬಿಟ್ಟು ದೇಶಕ್ಕೆ ವರ್ಗಾವಣೆ ಇಲ್ಲ. ಯುರೋಪಿನ ಪಾಸ್‌ಪೋರ್ಟ್ ಇದ್ದವರಿಗೆ 16ಕ್ಕೇ ಬಾಗಿಲು ತೆರೆಯುತ್ತೆ. ಅಮೆರಿಕದ ಆಟಗಾರ ಪುಲಿಸಿಕ್ 16ಕ್ಕೆ ಜರ್ಮನಿಯ ಡಾರ್ಟ್ಮಂಡ್ ಕ್ಲಬ್ ಸೇರಿದ್ದು ಅಜ್ಜನ ಕಡೆಯ ಕ್ರೊಯೇಷಿಯಾ ಪಾಸ್‌ಪೋರ್ಟ್‌ನಿಂದ. ಅದೇ ದಾರಿ ಹಿಡಿದ ಇನ್ನೊಬ್ಬ ಅಮೆರಿಕನ್ ಜಿಯೊ ರೇನಾ ಹತ್ತಿರ ಪೋರ್ಚುಗಲ್‌ದು ಇತ್ತು. ನಮ್ಮ ಅಜ್ಜ ಕಾರವಾರದವರು. ಇನ್ನೊಂದು 15 ಕಿಲೋಮೀಟರ್ ಉತ್ತರಕ್ಕೆ, ಗೋವಾದ ಗಡಿ ದಾಟಿ ಹುಟ್ಟಿದ್ದರೆ ನಮಗೂ ಪೋರ್ಚುಗಲ್ ಪಾಸ್‌ಪೋರ್ಟ್ ಕೇಳುವ ದಾರಿ ಇರುತ್ತಿತ್ತು. 1961ಕ್ಕಿಂತ ಮುಂಚೆ ಗೋವಾದಲ್ಲಿ ಹುಟ್ಟಿದವರ ಮಕ್ಕಳು ಮೊಮ್ಮಕ್ಕಳಿಗೆ ಆ ಅವಕಾಶ ಇದೆ. ನಾನು ಒಂದು ವಾರ ರಾತ್ರಿಯೆಲ್ಲ ಕೂತು ವಂಶವೃಕ್ಷ ಕೆದಕಿದೆ. ಊರಿಗೆ ಫೋನ್ ಮಾಡಿ ಅತ್ತೆಯನ್ನು ಕೇಳಿದರೆ, "ಕಾಳಿ ನದಿ ಆಚೆ ನಮ್ಮವರು ಯಾರೂ ಹುಟ್ಟಿಲ್ಲ ಮಾರಾಯ" ಅಂದರು. ಅಲ್ಲಿಗೆ ಮುಗಿಯಿತು.

ಇಷ್ಟೆಲ್ಲ ಗೊತ್ತಿದ್ದೂ ನಾನು ಸ್ಪೇನಿನಲ್ಲಿ ಸಿಕ್ಕಿಹಾಕಿಕೊಂಡೆ. ಇದನ್ನು ಮುಚ್ಚಿಡಲ್ಲ.

2021. ಮಗನಿಗೆ 15. ಇಲ್ಲಿನ ಒಂದು ಎಂಎಲ್‌ಎಸ್ (ಅಮೆರಿಕದ ಮೊದಲ ದರ್ಜೆ ಲೀಗ್) ಅಕಾಡೆಮಿಯಲ್ಲಿ ಎರಡು ವರ್ಷ ಫೀಸಿಲ್ಲದೆ ಆಡಿದ್ದ. ಮೇ ತಿಂಗಳಲ್ಲಿ ಕರೆದು, "ಮೈಕಟ್ಟು ಸಾಲದು" ಅಂತ ಕೈಬಿಟ್ಟರು. ಹತ್ತು ನಿಮಿಷದ ಮೀಟಿಂಗ್. ಕಾರಿನಲ್ಲಿ ಬರುವಾಗ ಮಗ ಒಂದು ಮಾತೂ ಆಡಲಿಲ್ಲ, ಶಿನ್‌ಗಾರ್ಡ್ ಕೂಡ ಬಿಚ್ಚಿರಲಿಲ್ಲ. ಅದೇ ಹೊತ್ತಿಗೆ ಸ್ಪೇನಿನ ಒಂದು ಖಾಸಗಿ ಅಕಾಡೆಮಿಯವರು ಗಂಟುಬಿದ್ದರು. ಓದು, ಊಟ, ಹಾಸ್ಟೆಲ್ಲು, "ದೊಡ್ಡ ಕ್ಲಬ್ಬಿನ ಸ್ಕೌಟ್‌ಗಳು ಬರ್ತಾರೆ". ಹೆಂಡತಿ ಬೇಡ ಅಂದಳು. ಉಳಿದ ಅಪ್ಪಂದಿರೆಲ್ಲ, "ಇಲ್ಲೇ ಇದ್ರೆ ಕಾಲೇಜ್ ಟೀಮಿಗೇ ಮುಗೀತು ಸಾರ್" ಅಂದರು. ಕಟ್ಟಿದೆ.

ಹೋದ ಮೇಲೆ ಗೊತ್ತಾಯಿತು, ಅದೇ 18ರ ನಿಯಮ ಇಲ್ಲಿಗೂ ಅನ್ವಯ, ಹುಡುಗನ ನೋಂದಣಿಯೇ ಆಗಲ್ಲ. ನೋಂದಣಿ ಇಲ್ಲ ಅಂದರೆ ಲೀಗ್ ಪಂದ್ಯ ಇಲ್ಲ. ಐದು ತಿಂಗಳು ಅವನು ಆಡಿದ್ದು ಬರೀ ಫ್ರೆಂಡ್ಲಿಗಳು, ಅದೂ ಅವನ ಹಾಗೇ ದುಡ್ಡು ಕಟ್ಟಿ ಬಂದ ಹುಡುಗರ ಜೊತೆ. ಇದೇ ವಿಷಯಕ್ಕೆ 2014ರಲ್ಲಿ ಬಾರ್ಸಿಲೋನಾದಂಥ ಕ್ಲಬ್ಬಿಗೇ ಫಿಫಾ ದಂಡ ಹಾಕಿ, ಎರಡು ವರ್ಗಾವಣೆ ಅವಧಿಗೆ ಬಾಗಿಲು ಮುಚ್ಚಿಸಿತ್ತು. ಅದನ್ನು ಪೇಪರಿನಲ್ಲಿ ಓದಿದ್ದೆ, ನನ್ನ ಮನೆಗೆ ತಾಗಿಸಿ ನೋಡಿರಲಿಲ್ಲ. ಟಿಕೆಟ್ಟು ಸೇರಿ ಸುಮಾರು 31 ಸಾವಿರ ಡಾಲರ್ ಹೋಯಿತು. ವಾಪಸ್ ಕೇಳಿದ್ದಕ್ಕೆ ಬಂದಿದ್ದು 1,200. ಜೊತೆಗೆ ಒಂದು ಜರ್ಸಿ.

ಅವತ್ತಿನಿಂದ ನನ್ನ ಲೆಕ್ಕ ಒಂದೇ. ಲೀಗಿನ ಹೆಸರು ನೋಡಲ್ಲ, ನಿಮಿಷ ನೋಡ್ತೀನಿ. ದೊಡ್ಡವರ ಜೊತೆ, ಪಾಯಿಂಟ್ಸ್ ಇರೋ ಪಂದ್ಯದಲ್ಲಿ ಆಡಿದ ನಿಮಿಷ. ನಮ್ಮ ಸುನಿಲ್ ಚೆಟ್ರಿಯನ್ನೇ ನೋಡಿ. 2010ರಲ್ಲಿ ಕಾನ್ಸಾಸ್ ಸಿಟಿ ವಿಝರ್ಡ್ಸ್‌ಗೆ ಬಂದಾಗ ಎಂಎಲ್‌ಎಸ್ ಪಂದ್ಯದಲ್ಲಿ ನಿಮಿಷ ಸಿಗಲಿಲ್ಲ. 2012ರಲ್ಲಿ ಲಿಸ್ಬನ್ನಿಗೆ ಹೋದರೆ ಸಿಕ್ಕಿದ್ದು ಸ್ಪೋರ್ಟಿಂಗ್‌ನ ಬಿ ಟೀಮು. ಬೆಂಗಳೂರು ಎಫ್‌ಸಿಯಲ್ಲಿ ದಿನಾ ಆಡಿದ್ದಕ್ಕೇ ಅಲ್ವಾ ನಮಗೆ ಗೊತ್ತಿರೋ ಚೆಟ್ರಿ ಬೆಳೆದಿದ್ದು?

ಹಾಗಾಗಿ 2023ರಲ್ಲಿ ಕ್ಯಾರೊಲಿನಾ ಕಡೆಯ ಒಂದು ಯುಎಸ್‌ಎಲ್ ಲೀಗ್ ಒನ್ ಕ್ಲಬ್ಬಿಗೆ ಕಳಿಸಿದೆ. ಅಮೆರಿಕದ ಮೂರನೇ ದರ್ಜೆ. ಅಕಾಡೆಮಿ ಕಾಂಟ್ರ್ಯಾಕ್ಟ್, ಅಂದರೆ ಸಂಬಳ ಸೊನ್ನೆ, ಆದರೆ ಪ್ರೊಗಳ ಜೊತೆ ಆಡಬಹುದು, ಕಾಲೇಜ್ ಬಾಗಿಲೂ ಮುಚ್ಚಲ್ಲ. ಹೆಂಡತಿಯ ಚಿಕ್ಕಮ್ಮನ ಮಗಳ ಮನೆಯಲ್ಲಿ ಇಟ್ಟೆವು. ಓದು ಆನ್‌ಲೈನ್. "ಮೂರನೇ ದರ್ಜೆಗೆ ಯಾರು ಬಂದು ನೋಡ್ತಾರೆ?" ಅಂತ ನಕ್ಕರು. ಯಾರೂ ಬರಲಿಲ್ಲ, ನಿಜ. ಆದರೆ 17ಕ್ಕೆ 900 ಚಿಲ್ಲರೆ ನಿಮಿಷ ಕೈಗೆ ಬಂತು. 28 ವರ್ಷದ ಡಿಫೆಂಡರುಗಳು ಮೊಣಕೈಯಲ್ಲಿ ಪಕ್ಕೆಗೆ ತಿವಿದು ಮೈಕಟ್ಟಿನ ಸಮಸ್ಯೆಯನ್ನೂ ಬಗೆಹರಿಸಿದರು.

ವಿಡಿಯೋ ವಿಷಯದಲ್ಲಿ ಎಲ್ಲರೂ ಮಾಡೋ ತಪ್ಪನ್ನೇ ನಾನೂ ಮಾಡಿದೆ. ಹಾಡು ಹಾಕಿದ ನಾಲ್ಕು ನಿಮಿಷದ ಹೈಲೈಟ್ಸ್. 60ಕ್ಕೂ ಹೆಚ್ಚು ಕ್ಲಬ್ಬಿಗೆ ಕಳಿಸಿದೆ, ಎರಡು ಉತ್ತರ ಬಂತು, ಎರಡೂ "ಧನ್ಯವಾದ". ಆಮೇಲೆ 20 ಅಡಿ ಕಂಬಕ್ಕೆ ಕ್ಯಾಮೆರಾ ಕಟ್ಟಿ ಪೂರ್ತಿ 90 ನಿಮಿಷ ತೆಗೆಯಲು ಶುರು ಮಾಡಿದೆ. ಮೊದಲು ಮನೆ ಹತ್ತಿರ ಫ್ರಿಸ್ಕೊದಲ್ಲಿ ಮಗಳ ಪಂದ್ಯದಲ್ಲಿ ಪ್ರಯೋಗ. ಮಾರ್ಚ್ ತಿಂಗಳ ಟೆಕ್ಸಾಸ್ ಗಾಳಿ ನಿಮಗೆ ಗೊತ್ತಲ್ಲ. ಕಂಬ ನಿಧಾನಕ್ಕೆ ತಿರುಗಿ ಸೆಕೆಂಡ್ ಹಾಫ್ ಪೂರ್ತಿ ಪಕ್ಕದ ಮೈದಾನದ ಪಂದ್ಯ ರೆಕಾರ್ಡ್ ಆಗಿತ್ತು. ಆಮೇಲೆ ಬುಡಕ್ಕೆ ಎರಡು 10 ಕೆಜಿ ಅಕ್ಕಿ ಚೀಲ ಕಟ್ಟಿದೆ.

ಆ ಪೂರ್ತಿ ವಿಡಿಯೋದ ಕೆಳಗೆ ನಿಮಿಷದ ಪಟ್ಟಿ ಬರೆದೆ. ಒಳ್ಳೆ ಪಾಸ್ ಎಲ್ಲಿ, ಚೆಂಡು ಕಳಕೊಂಡಿದ್ದೆಲ್ಲಿ, ಕಳಕೊಂಡ ಮೇಲೆ ಏನು ಮಾಡಿದ. ತಪ್ಪುಗಳನ್ನು ತೋರಿಸಿದ್ದಕ್ಕೇ ಕೆಲಸ ಆಯಿತು ಅಂತ ನನ್ನ ನಂಬಿಕೆ. 14 ಕ್ಲಬ್ಬಿಗೆ ಕಳಿಸಿದೆ, ಐದು ಕಡೆಯಿಂದ ಸರಿಯಾದ ಉತ್ತರ ಬಂತು. ಯಾವ 14, ವರ್ಷದ ಯಾವ ವಾರ, ಕ್ಲಬ್ಬಿನಲ್ಲಿ ಯಾರ ಹೆಸರಿಗೆ ಅಂತ ಕೇಳಬೇಡಿ. ಮಗಳಿಗೆ ಈಗ 13.

ನಡುವೆ ಒಂದು ತಿಕ್ಕಲು ಪ್ರಯೋಗ. ಒಳ್ಳೆ ಮಿಡ್‌ಫೀಲ್ಡರ್ ಚೆಂಡು ಬರುವ ಮುಂಚೆ ಹೆಗಲ ಮೇಲಿಂದ ಹಿಂದೆ ನೋಡ್ತಾನೆ. ಅದನ್ನು ಎಣಿಸೋಕೆ ಎಡ ಜೇಬಿನಲ್ಲಿ ಹುಣಸೆ ಬೀಜ ತುಂಬಿಕೊಂಡೆ. ಒಂದು ಸಲ ನೋಡಿದರೆ ಒಂದು ಬೀಜ ಬಲ ಜೇಬಿಗೆ. ಮೊದಮೊದಲು ಒಂದು ಹಾಫ್‌ಗೆ 15-20 ಬೀಜ. ಮಗನಿಗೆ ಲೆಕ್ಕ ಹೇಳಿದೆ, ಅಷ್ಟೇ. ಬೈಯಲಿಲ್ಲ, ಕಲಿಸಲಿಲ್ಲ. ಸೀಸನ್ ಮುಗಿಯೋ ಹೊತ್ತಿಗೆ ಜೇಬಿನಲ್ಲಿದ್ದ 60 ಬೀಜವೂ ಸಾಲದಾಯಿತು. ರಾಗಿ ಅಂಬಲಿ ಪ್ರಯೋಗ ಮಾತ್ರ ಸೋತಿತು. ಬೆಳಿಗ್ಗೆ 11ರ ಪಂದ್ಯಕ್ಕೆ 9ಕ್ಕೆ ಕುಡಿಸಿ, ಅವನು 30ನೇ ನಿಮಿಷಕ್ಕೆ ಹೊಟ್ಟೆ ಹಿಡಿದು ಕೂತ.

ಯಾವ ದೇಶ ಅನ್ನೋ ಚರ್ಚೆ ನಮ್ಮ ಮನೆಯಲ್ಲಿ ತಿಂಗಳುಗಟ್ಟಲೆ ನಡೆಯಿತು. ಮಗನಿಗೆ ಜರ್ಮನಿ ಹುಚ್ಚು. ಡಾಲಸ್ ಹುಡುಗರಿಗೆಲ್ಲ ಅಮೆರಿಕ ತಂಡದ ಆಟಗಾರ ವೆಸ್ಟನ್ ಮೆಕೆನ್ನಿ ಕಥೆ ಬಾಯಿಪಾಠ. 2016ರಲ್ಲಿ ಎಫ್‌ಸಿ ಡಾಲಸ್ ಕೊಡಲು ಬಂದ ಕಾಂಟ್ರ್ಯಾಕ್ಟ್ ಬೇಡ ಅಂದು ಜರ್ಮನಿಯ ಶಾಲ್ಕೆಗೆ ಹೋಗಿ ಗೆದ್ದ. ಆದರೆ ಮೆಕೆನ್ನಿ ಚಿಕ್ಕಂದಿನಲ್ಲಿ ಅಪ್ಪನ ಏರ್‌ಫೋರ್ಸ್ ಕೆಲಸದಿಂದ ಜರ್ಮನಿಯಲ್ಲೇ ಬೆಳೆದು ಬಂದವನು ಅನ್ನೋದನ್ನ ಯಾರೂ ಹೇಳಲ್ಲ. ನಾನು ಸ್ಟ್ರೈಕರ್ ರಿಕಾರ್ಡೊ ಪೆಪಿ ಕಥೆ ಹೇಳ್ತಿದ್ದೆ. ಅದೇ ಡಾಲಸ್, 2021ರಲ್ಲಿ 13 ಗೋಲು, 2022ರ ಜನವರಿಯಲ್ಲಿ ದೊಡ್ಡ ಮೊತ್ತಕ್ಕೆ ಜರ್ಮನಿಯ ಔಗ್ಸ್‌ಬರ್ಗ್. ಆ ಅರ್ಧ ಸೀಸನ್‌ನಲ್ಲಿ ಒಂದು ಗೋಲೂ ಇಲ್ಲ. ಮುಂದಿನ ಸೀಸನ್‌ಗೆ ಒಂದು ಮೆಟ್ಟಿಲು ಕೆಳಗಿಳಿದು ನೆದರ್ಲೆಂಡ್ಸ್‌ನ ಗ್ರೋನಿಂಗನ್‌ನಲ್ಲಿ ಆಡಿದ ಮೇಲೇ ಮತ್ತೆ ಎದ್ದು, ಆಮೇಲೆ ಅದೇ ದೇಶದ ದೊಡ್ಡ ಕ್ಲಬ್ ಪಿಎಸ್‌ವಿಗೆ ಹೋದ.

ಹಾಗಾದರೆ ನೆದರ್ಲೆಂಡ್ಸ್? ಅಲ್ಲಿ ಯುರೋಪಿನ ಹೊರಗಿನ ಆಟಗಾರನಿಗೆ ಲೀಗಿನ ಸರಾಸರಿಯ ಒಂದೂವರೆ ಪಟ್ಟು ಸಂಬಳ ಕೊಡಲೇಬೇಕು, 18-19 ವಯಸ್ಸಿನವರಿಗೆ ಅದರ ಅರ್ಧ. ನನ್ನ ಮಗನಿಗೆ ಅಷ್ಟು ಕೊಡೋರು ಯಾರು? ಸ್ವೀಡನ್ನಿನಲ್ಲಿ ಅಷ್ಟು ದೊಡ್ಡ ತಲೆನೋವು ಇಲ್ಲ. ಸೀಸನ್ ಕೂಡ ವಸಂತದಿಂದ ನವೆಂಬರ್‌ವರೆಗೆ, ನಮ್ಮ ಯುಎಸ್‌ಎಲ್ ಹಾಗೇ. ಜನವರಿಯಲ್ಲಿ ತಯಾರಿ ಶುರು, ಟ್ರಯಲ್‌ಗೆ ಸರಿಯಾದ ಹೊತ್ತು. ಮಗನಿಗೆ 2023ರ ನವೆಂಬರ್‌ನಲ್ಲಿ 18 ತುಂಬಿತು. ಜನವರಿಯಲ್ಲಿ ಎರಡು ವಾರ ಟ್ರಯಲ್, ಮಾರ್ಚ್‌ನಲ್ಲಿ ಸಹಿ.

ಮೊದಲ ವರ್ಷ ಸುಖ ಇರಲಿಲ್ಲ. ಐದು ಪಂದ್ಯ, 140 ನಿಮಿಷ. ನವೆಂಬರ್‌ನಲ್ಲಿ ಮಧ್ಯಾಹ್ನ ಮೂರೂವರೆಗೇ ಕತ್ತಲು. "ಅಪ್ಪಾ, ಬಂದ್ಬಿಡ್ಲಾ?" ಅಂತ ಫೋನ್ ಮಾಡಿದ. ನನ್ನ ನಿಮಿಷದ ಲೆಕ್ಕದ ಪ್ರಕಾರ ಬಾ ಅನ್ನಬೇಕಿತ್ತು. ಅನ್ನಲಿಲ್ಲ, ಅವನ ಕೋಚಿಗೆ ಫೋನ್ ಮಾಡಿದೆ. ಏನು ಕೇಳಿದೆ ಅನ್ನೋದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ದುಡ್ಡಿನ ಲೆಕ್ಕ: ಕ್ಲಬ್ ಫೀಸು ವರ್ಷಕ್ಕೆ 3,500ರ ಆಸುಪಾಸು, ಟೂರ್ನಮೆಂಟು ಹೋಟೆಲ್ಲು ಸೇರಿದರೆ ಅದರ ಡಬಲ್‌ಗಿಂತ ಜಾಸ್ತಿ. ಸ್ಪೇನಿನ ದಂಡವೂ ಸೇರಿ ಹತ್ತು ವರ್ಷಕ್ಕೆ 90 ಸಾವಿರ ಡಾಲರ್ ದಾಟಿದೆ. ಅವನಿಗೆ ಮೊದಲ ಸಂಬಳ ತಿಂಗಳಿಗೆ 29 ಸಾವಿರ ಕ್ರೋನಾ, ಅಂದರೆ 2,800 ಡಾಲರ್ ಇರಬಹುದು, ತೆರಿಗೆಗೆ ಮುಂಚೆ. ಮನೆ ಕ್ಲಬ್ಬಿನದು. ಈಗ ಸ್ವಲ್ಪ ಜಾಸ್ತಿ. ನನ್ನ 90 ಸಾವಿರ ಅವನು ವಾಪಸ್ ಕೊಡ್ತಾನೆ ಅಂತ ನಾನೇನು ಕಾಯುತ್ತಿಲ್ಲ, ಹೆಂಡತಿ ಕಾಯುತ್ತಿದ್ದಾಳೆ.

ಮೊನ್ನೆ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಒಬ್ಬ ಅಪ್ಪ ಮನೆಗೆ ಬಂದಿದ್ದರು. ಅವರ ಚಿಕ್ಕ ಮಗನಿಗೆ ಈಗ 16. ಕ್ಯಾಮೆರಾ ಕಂಬ ಬೇಕು, ಹಾಗೇ ಕ್ಲಬ್ಬುಗಳ ಪಟ್ಟಿಯೂ ಸಿಕ್ಕರೆ ಒಳ್ಳೆಯದು ಅಂದರು. ಕಂಬ ಗ್ಯಾರೇಜಿನಿಂದ ತೆಗೆದುಕೊಟ್ಟೆ. ಕೆಳಗಿನ ಕ್ಲಿಪ್ ಸಡಿಲ ಆಗಿದೆ, ಮೊದಲು ಅದನ್ನು ಬದಲಾಯಿಸಿ ಅಂದೆ.