ಗೂಗಲ್ ಲಾಗಿನ್ ಕೂರಿಸುವಾಗ ಇಮೇಲ್ ನಂಬಬೇಡಿ
ಶಿರಸಿ ಸುತ್ತಿನ ಹೋಮ್‌ಸ್ಟೇಗಳ ಬುಕಿಂಗ್ ಸೈಟ್‌ಗೆ ಗೂಗಲ್, ಫೇಸ್‌ಬುಕ್, ಆಪಲ್ ಮೂರರ ಲಾಗಿನ್ ಕೂರಿಸಿದ್ದೇನೆ. ಬಟನ್ ಹಾಕೋದು ಅರ್ಧ ದಿನದ ಕೆಲಸ. ಬಂದವರು ಯಾರು ಅಂತ ಸರಿಯಾಗಿ ಗುರುತಿಸೋದೇ ತಲೆನೋವು.

ಮೊದಲು ಟೇಬಲ್. ಗ್ರಾಹಕರ ಟೇಬಲ್‌ಗೇ 'ಗೂಗಲ್ ಐಡಿ' ಕಾಲಂ ಸೇರಿಸಿದರೆ ನಾಳೆ ಫೇಸ್‌ಬುಕ್‌ಗೊಂದು, ಆಪಲ್‌ಗೊಂದು ಅಂತ ಬೆಳೀತಾ ಹೋಗುತ್ತದೆ. ಬೇರೆ ಟೇಬಲ್ ಮಾಡಿ ಮೂರೇ ಕಾಲಂ ಇಟ್ಟೆ: ನಮ್ಮ ಗ್ರಾಹಕ ಸಂಖ್ಯೆ, ಕಂಪನಿ ಹೆಸರು, ಆ ಕಂಪನಿ ಕೊಟ್ಟ 'ಸಬ್'. ಕೊನೆಯ ಎರಡೂ ಸೇರಿ ಯೂನಿಕ್ ಕೀ, ಅಂದರೆ ಅದೇ ಜೋಡಿ ಎರಡನೇ ಸಲ ಬರೋ ಹಾಗಿಲ್ಲ. ಸಬ್ ಅಂದರೆ ಐಡಿ ಟೋಕನ್ (ಲಾಗಿನ್ ಆದವರು ಯಾರು ಅಂತ ಕಂಪನಿ ಸಹಿ ಹಾಕಿ ಕಳಿಸುವ ಚೀಟಿ) ಒಳಗೆ ಬರುವ ಗುರುತು; ಫೇಸ್‌ಬುಕ್‌ನಲ್ಲಿ ಆ ಜಾಗಕ್ಕೆ ಯೂಸರ್ ಐಡಿ. ಗೂಗಲ್‌ನ ಸಬ್ ಬರೀ ಅಂಕಿಯಂತೆ ಕಂಡರೂ ಸ್ಟ್ರಿಂಗ್ ಆಗಿಯೇ ಇಡಿ, 255 ಅಕ್ಷರಕ್ಕೆ ಜಾಗ ಬಿಡಿ. ಇಂಟಿಜರ್ ಕಾಲಂನಲ್ಲಿ ಅದು ಹಿಡಿಸೋದಿಲ್ಲ.

ಇಮೇಲನ್ನೇ ಕೀ ಮಾಡಿದರೆ ಏನಾಗುತ್ತದೆ? ಫೋನ್ ನಂಬರ್ ಕೊಟ್ಟು ಫೇಸ್‌ಬುಕ್ ತೆರೆದವರದ್ದು ಇಮೇಲೇ ಬರೋದಿಲ್ಲ; ಹಳ್ಳಿ ಕಡೆ ಇಂಥವರು ಬೇಕಾದಷ್ಟು. ಆಪಲ್‌ನಲ್ಲಿ ಇಮೇಲ್ ಮುಚ್ಚಿಟ್ಟವರದ್ದು ಬೇರೆಯೇ ರಿಲೇ ವಿಳಾಸ, ಅಂದರೆ ಅಸಲಿ ಇಮೇಲ್ ಬದಲು ಆಪಲ್ ಕೊಡುವ ವಿಳಾಸ. ಆಪಲ್ ಹೆಸರು ಕಳಿಸೋದೂ ಮೊದಲ ಸಲ ಮಾತ್ರ, ಆಗಲೇ ಉಳಿಸಿಕೊಳ್ಳಬೇಕು.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಯಾರೋ ನಿಮ್ಮ ಇಮೇಲ್ ಹಾಕಿ, ತಮ್ಮ ಪಾಸ್‌ವರ್ಡ್ ಇಟ್ಟು ಮೊದಲೇ ಖಾತೆ ತೆರೆದಿರುತ್ತಾರೆ. ಇಮೇಲ್ ಪರಿಶೀಲನೆ ಆಗಿರೋದಿಲ್ಲ. ಆಮೇಲೆ ನೀವು ಗೂಗಲ್ ಬಟನ್ ಒತ್ತುತ್ತೀರಿ. ಇಮೇಲ್ ಒಂದೇ ಅಂತ ಸೈಟ್ ಎರಡನ್ನೂ ಜೋಡಿಸುತ್ತದೆ. ಅವರ ಪಾಸ್‌ವರ್ಡ್ ಹಾಗೇ ನಡೀತಾ ಇರುತ್ತದೆ, ನಿಮ್ಮ ಬುಕಿಂಗೆಲ್ಲ ಅವರಿಗೂ ಕಾಣುತ್ತದೆ. ಹಾಗಾಗಿ ನಾನು ತನ್ನಿಂತಾನೇ ಜೋಡಿಸೋದನ್ನೇ ತೆಗೆದೆ. ಇಮೇಲ್ ಹೊಂದಿದರೆ 'ಈ ವಿಳಾಸಕ್ಕೆ ಖಾತೆ ಇದೆ' ಅಂತ ತೋರಿಸಿ, ಹಳೇ ಪಾಸ್‌ವರ್ಡ್‌ನಿಂದ ಒಳಗೆ ಬಂದವರಿಗೆ ಮಾತ್ರ ಸೆಟ್ಟಿಂಗ್ಸ್‌ನಲ್ಲಿ ಜೋಡಿಸುವ ಬಟನ್. ಪಾಸ್‌ವರ್ಡ್ ಗೊತ್ತಿಲ್ಲದವರು ಇಮೇಲ್‌ಗೆ ಬರುವ ಲಿಂಕ್‌ನಿಂದ ಹೊಸದು ಇಟ್ಟುಕೊಂಡು ಬರಲಿ. ಆಗ ಹಳೆಯ ಸೆಷನ್‌ಗಳನ್ನೆಲ್ಲ (ಮೊದಲೇ ಲಾಗಿನ್ ಆಗಿ ಉಳಿದಿರೋದನ್ನು) ಕಡಿದುಹಾಕಬೇಕು.

ರಿಡೈರೆಕ್ಟ್ ವಿಳಾಸ, ಅಂದರೆ ಲಾಗಿನ್ ಆದ ಮೇಲೆ ಗೂಗಲ್ ಜನರನ್ನು ವಾಪಸ್ ಕಳಿಸುವ ನಮ್ಮ ಪುಟದ ವಿಳಾಸ, ಗೂಗಲ್ ಕನ್ಸೋಲ್‌ನಲ್ಲಿ (ಸೈಟ್ ನೋಂದಾಯಿಸುವ ಜಾಗ) ಬರೆದದ್ದಕ್ಕೆ ಅಕ್ಷರಶಃ ಹೊಂದಬೇಕು. ಕೊನೆಯಲ್ಲೊಂದು ಸ್ಲ್ಯಾಶ್ ಹೆಚ್ಚಾದರೂ 'ಮಿಸ್‌ಮ್ಯಾಚ್'.

ಮಳೆಗಾಲದಲ್ಲಿ ಘಟ್ಟದ ಮೇಲೆ ನೆಟ್‌ವರ್ಕ್ ಒಂದು ಕಡ್ಡಿ. ಗೂಗಲ್‌ನಿಂದ ವಾಪಸ್ ಬರುವಾಗ ಪುಟ ಸುತ್ತುತ್ತಾ ನಿಂತರೆ ಜನ ರೀಲೋಡ್ ಒತ್ತಿಯೇ ಒತ್ತುತ್ತಾರೆ. ಆದರೆ ಆ ವಿಳಾಸದ ಜೊತೆ ಗೂಗಲ್ ಕಳಿಸುವ ಕೋಡ್ ಒಂದೇ ಸಲಕ್ಕೆ ನಡೆಯೋದು, ಎರಡನೇ ಸಲ 'ಇನ್‌ವ್ಯಾಲಿಡ್ ಗ್ರಾಂಟ್'. ಸೆಷನ್ ಆಗಲೇ ಆಗಿದ್ದರೆ ನೇರ ಒಳಗೆ ಬಿಡಿ, ಇಲ್ಲದಿದ್ದರೆ ಲಾಗಿನ್ ಪುಟಕ್ಕೆ ಕಳಿಸಿ. ಸರ್ವರ್ ಕೆಟ್ಟಿದೆ ಅನ್ನುವ 500 ಎರರ್ ತೋರಿಸಿದರೆ ನಿಮಗೇ ಫೋನ್ ಬರುತ್ತದೆ.

ಇನ್ನು ಇನ್‌ಸ್ಟಾಗ್ರಾಂ ಒಳಗಿನಿಂದಲೇ ಲಿಂಕ್ ತೆರೆಯುವವರು. ಆ್ಯಪ್ ಒಳಗಿನ ವೆಬ್‌ವ್ಯೂನಲ್ಲಿ (ಆ್ಯಪ್ ತನ್ನೊಳಗೇ ತೆರೆಯುವ ಬ್ರೌಸರ್) ಗೂಗಲ್ ತನ್ನ ಲಾಗಿನ್ ಬಿಡೋದಿಲ್ಲ, ಅನುಮತಿ ಇಲ್ಲ ಅನ್ನುವ 403 ಎರರ್ ಬರುತ್ತದೆ. ಯೂಸರ್ ಏಜೆಂಟ್ (ತಾನು ಯಾವ ಬ್ರೌಸರ್ ಅಂತ ಅದೇ ಕಳಿಸುವ ಸಾಲು) ನೋಡಿ 'ಕ್ರೋಮ್‌ನಲ್ಲಿ ತೆರೆಯಿರಿ' ಅಂತ ಮೊದಲೇ ತೋರಿಸೋದೇ ವಾಸಿ.

ಒಂದೇ ಮೊಬೈಲಲ್ಲಿ ಅಪ್ಪನದ್ದೂ ಮಗನದ್ದೂ ಖಾತೆ ಇರುವ ಮನೆಗಳಿಗಾಗಿ ಗೂಗಲ್‌ಗೆ ಕಳಿಸುವ ಕೋರಿಕೆಯಲ್ಲಿ ಪ್ರಾಂಪ್ಟ್‌ಗೆ 'ಸೆಲೆಕ್ಟ್ ಅಕೌಂಟ್' ಕೊಟ್ಟಿದ್ದೇನೆ, ಪ್ರತಿ ಸಲ ಯಾರು ಅಂತ ಕೇಳುತ್ತದೆ. ಜೋಡಣೆ ಬಿಡಿಸುವ ಬಟನ್‌ಗೂ ಒಂದು ತಡೆ ಬೇಕು: ಪಾಸ್‌ವರ್ಡ್ ಇಲ್ಲದೆ ಗೂಗಲ್ ಒಂದೇ ಉಳಿದಿದ್ದರೆ ಅದನ್ನು ಬಿಡಿಸೋಕೆ ಬಿಡಬಾರದು, ಮೊದಲು ಪಾಸ್‌ವರ್ಡ್ ಇಡಿಸಿ.