ಸ್ಟೀರಿಂಗ್ ಬಿಟ್ಟು ರೈಲು ಹಿಡಿದದ್ದು

ಕಚೇರಿಗೆ ರೈಲಿನಲ್ಲಿ ಹೋಗುತ್ತೇನೆ ಎಂದರೆ ಎಲ್ಲರೂ ಕೇಳುವುದು ಒಂದೇ: ‘ಎಷ್ಟು ಸಮಯ ಉಳಿಯುತ್ತದೆ?’ ನಿಜ ಹೇಳಬೇಕೆಂದರೆ ಏನೂ ಉಳಿಯುವುದಿಲ್ಲ. ರಸ್ತೆ ಖಾಲಿಯಿರುವ ದಿನ ಕಾರೇ ಮುಂದು. ಆದರೆ ಇವತ್ತು ಮುಕ್ಕಾಲು ಗಂಟೆಯಲ್ಲಿ ಮುಗಿದ ದಾರಿ ನಾಳೆ ಎರಡು ಗಂಟೆ ತಿನ್ನುತ್ತಿತ್ತು. ಹತ್ತರ ಸಭೆಗೆ ದಿನವೂ ಎಂಟಕ್ಕೇ ಹೊರಡುವ ಪಾಡು. ರೈಲಿನಲ್ಲಿ, ಎರಡೂ ಕಡೆಯ ನಡಿಗೆ ಸೇರಿಸಿ, ಒಂದು ಗಂಟೆ ಹತ್ತು ನಿಮಿಷ. ಮಳೆ ಬಂದರೂ ಹೆಚ್ಚುಕಡಿಮೆ ಅಷ್ಟೇ.

ಅಡ್ಡದಾರಿಗಳನ್ನೆಲ್ಲ ಹುಡುಕಿ ನೋಡಿದವನೇ ನಾನು. ಆ ಉಮೇದು ಇಳಿಸಿದ್ದು ಜಪಾನಿನ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ. 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರುಗಳು. ಸಿಗ್ನಲ್ ಇಲ್ಲ, ತಿರುವಿಲ್ಲ, ಗುಂಡಿಯಿಲ್ಲ. ಆದರೂ ಸ್ವಲ್ಪ ಹೊತ್ತಿಗೆ ಕೆಲವು ಕಾರುಗಳು ನಿಂತೇಬಿಟ್ಟವು. ಮುಂದಿನವರು ತುಸು ಬ್ರೇಕ್ ಒತ್ತಿದರೆ ಹಿಂದಿನವರು ಇನ್ನೂ ಜೋರಾಗಿ ಒತ್ತುತ್ತಾರೆ. ಆ ತಡೆ ಅಲೆಯಂತೆ ಹಿಂದಕ್ಕೆ ಹೋಗುತ್ತದೆ. ವಾಹನಗಳು ಒತ್ತೊತ್ತಾಗಿದ್ದರೆ ಸಾಕು, ಬೇರೆ ಕಾರಣವೇ ಬೇಡ.

ರೈಲನ್ನು ಕೆಲಸದ ದಿನದ ನೂಕುನುಗ್ಗಲಿನಲ್ಲೇ ಪರೀಕ್ಷಿಸಿದೆ. ರಜಾದಿನದ ಖಾಲಿ ಬೋಗಿ ನೋಡಿ ಏನೂ ತಿಳಿಯುವುದಿಲ್ಲ. ಸರಿಯಾದ ಹೊತ್ತಿಗೆ ತಲುಪಿಸುವ ರೈಲಿಗಿಂತ ಒಂದು ಮುಂಚಿನದನ್ನು ನನ್ನದೆಂದು ಇಟ್ಟುಕೊಂಡೆ. ತಪ್ಪಿದರೆ ಇನ್ನೊಂದಿದೆ, ಹಾಗಾಗಿ ಮೆಟ್ಟಿಲ ಮೇಲೆ ಓಡುವುದಿಲ್ಲ.

ಎಲ್ಲಿ ನಿಲ್ಲಬೇಕು ಎಂಬುದೇ ಒಂದು ವಿದ್ಯೆ. ಮೆಟ್ಟಿಲಿಳಿದ ಜನ ಅಲ್ಲೇ ಗುಂಪುಗಟ್ಟುತ್ತಾರೆ, ಆ ಬೋಗಿಯೇ ಮೊದಲು ತುಂಬುತ್ತದೆ. ಬೆಳಿಗ್ಗೆ ನಾನು ಇಳಿಯುವ ನಿಲ್ದಾಣದ ಮೆಟ್ಟಿಲಿಗೆ ಎದುರಾಗುವ ಬೋಗಿ ಹತ್ತುತ್ತೇನೆ. ನಿಂತೇ ಹೋಗಬೇಕು ನಿಜ, ಆದರೆ ಇಳಿದ ಮೇಲೆ ಸಾಲಿನಲ್ಲಿ ಕಾಯುವುದು ತಪ್ಪುತ್ತದೆ. ಸಂಜೆ ಯಾವ ಅವಸರವೂ ಇಲ್ಲ. ಪ್ಲಾಟ್‌ಫಾರ್ಮಿನ ತುದಿಯವರೆಗೆ ನಡೆದರೆ ಸೀಟು ಸಿಗುವ ಸಂಭವ ಹೆಚ್ಚು. ಬಾಗಿಲು ಎಲ್ಲಿ ಬಂದು ನಿಲ್ಲುತ್ತದೆಂದು ಕೇಳಬೇಕಾಗಿಲ್ಲ, ಅಂಚಿನ ಬಣ್ಣ ಹೆಚ್ಚು ಸವೆದ ಜಾಗ ನೋಡಿದರೆ ಸಾಕು.

ಬೆನ್ನಿನ ಚೀಲವನ್ನು ಒಳಗೆ ಹೋದೊಡನೆ ಎದೆಗೆ ತಿರುಗಿಸಿಕೊಳ್ಳುತ್ತೇನೆ. ಕಚೇರಿಯ ಶೂ ಕಚೇರಿಯಲ್ಲೇ ಇರುತ್ತದೆ.

ರೈಲು ರದ್ದಾಗುವ ದಿನಗಳೂ ಇವೆ. ಪ್ರಕಟಣೆ ಬರುವಷ್ಟರಲ್ಲಿ ಅರ್ಧ ಗಂಟೆ ಹೋಗಿರುತ್ತದೆ, ಸಿಟ್ಟೂ ಬರುತ್ತದೆ. ಅದಕ್ಕೇ ನಿಲ್ದಾಣದ ಹೊರಗಿಂದ ಹೊರಡುವ ಬಸ್ಸಿನ ವೇಳೆಯನ್ನು ಮೊಬೈಲಿನಲ್ಲಿ ಬರೆದಿಟ್ಟಿದ್ದೇನೆ. ಕಾರನ್ನಂತೂ ಮಾರಿಲ್ಲ. ತಡರಾತ್ರಿಯ ಕೆಲಸವಿದ್ದಾಗ ಅದೇ ಗತಿ. ಉಳಿದಂತೆ, ಬ್ಯಾಟರಿ ಇಳಿಯದಿರಲೆಂದು ಭಾನುವಾರ ಅದನ್ನು ಒಂದು ಸುತ್ತು ಓಡಿಸಿ ತರುವುದು ಈಗ ನನಗೆ ಹೆಚ್ಚುವರಿ ಕೆಲಸ.